ಅಣ್ಣನ ಕಾಯಿಲೆ, ತಂಗಿಯ ಮಂಕು

ಕಳೆದ ಸಂಚಿಕೆಯ ಸಮಸ್ಯೆ: ಮಗನಿಗೆ 19ರಲ್ಲಿ ಬೈಪೋಲಾರ್ ಕಾಯಿಲೆ (ಕೆಲಕಾಲ ಉನ್ಮಾದ, ಕೆಲಕಾಲ ಖಿನ್ನತೆ) ಶುರುವಾಯಿತು. ನಿದ್ದೆಯಿಲ್ಲ, ಎಡೆಬಿಡದ ಮಾತು, ಸಾಲ ಮಾಡಿ ಖರ್ಚು. ಈಗ 14ರ ಮಗಳು ಎರಡು ತಿಂಗಳಿಂದ ಮಂಕಾಗಿದ್ದಾಳೆ. ‘ಅಣ್ಣನ ಥರ ಇವಳೇನೂ ಹಾರಾಡುತ್ತಿಲ್ಲವಲ್ಲ, ದೊಡ್ಡವಳಾದ ಮೇಲೆ ಹುಡುಗಿಯರು ಹೀಗೇ’ ಎನ್ನುತ್ತಾರೆ ಅತ್ತೆ. ಇನ್ನಷ್ಟು ದಿನ ಕಾದು ನೋಡಲೇ?

ಅಕ್ಕಾ, ಕಾಯಬೇಡಿ. ನಮ್ಮ ಮನೆಯಲ್ಲಿ ಕಾದರು. ಒಂಬತ್ತನೇ ಕ್ಲಾಸಿನಲ್ಲಿ ನಾನು ಶಾಲೆಯಿಂದ ಬಂದವಳೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ಸೋಮಾರಿ ಅಂದರು, ಮುಟ್ಟಿನ ತೊಂದರೆ ಅಂದರು. ಚಿಕ್ಕಪ್ಪನಿಗೆ 20ರಲ್ಲೇ ಉನ್ಮಾದ ಬಂದಿತ್ತು; ಅದು ಊರಿಗೆಲ್ಲ ಕಂಡಿತು, ನನ್ನದು ಮನೆಯವರಿಗೂ ಕಾಣಲಿಲ್ಲ. 24ರಲ್ಲಿ ಹೆರಿಗೆಯಾಗಿ ಮೂರನೇ ದಿನ ನನಗೆ ನಿದ್ದೆಯೇ ಹಾರಿಹೋಯಿತು. ಮಗು ದೇವರ ಅವತಾರ ಎಂದು ಓಣಿಯಲ್ಲಿ ಹೇಳುತ್ತಾ ತಿರುಗಿದೆನಂತೆ. ಚಿಕ್ಕಪ್ಪನದೇ ಕಾಯಿಲೆ ನನಗೂ ಎಂದು ಗೊತ್ತಾಗಿದ್ದು ಆಗ. ಆ ಹತ್ತು ವರ್ಷ ನನಗೆ ಯಾರು ವಾಪಸ್ ಕೊಡುತ್ತಾರೆ?
– ದಾವಣಗೆರೆಯ ಓದುಗಿ

ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಹತ್ತು ವರ್ಷದವರೆಗೆ ಖಿನ್ನತೆ ಗಂಡು, ಹೆಣ್ಣು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದೇ. 12ರಿಂದ 14ರ ಹೊತ್ತಿಗೆ ಹುಡುಗಿಯರಲ್ಲಿ ಏರತೊಡಗಿ, ಮುಂದೆ ಸುಮಾರು ಎರಡರಷ್ಟಾಗುತ್ತದೆ. ಹಾರ್ಮೋನಿನ ಪಾಲಿದೆ, ಹೊರಗೆ ಹೋಗಬೇಡ, ನಗಬೇಡ ಎಂಬ ಕಟ್ಟುಪಾಡಿಗೂ, ದಾರಿಯ ಕಾಟಕ್ಕೂ ಪಾಲಿದೆ. ಉನ್ಮಾದ ಬರುವ ಬೈಪೋಲಾರ್ ಮಾತ್ರ ಇಬ್ಬರಲ್ಲೂ ಸರಿಸುಮಾರು ಸಮ. ಆದರೆ ಗಂಡಸರಲ್ಲಿ ಅದು ಉನ್ಮಾದದಿಂದಲೇ ಶುರುವಾಗುವುದು ಹೆಚ್ಚು, ಹೆಂಗಸರಲ್ಲಿ ಖಿನ್ನತೆಯಿಂದ. ‘ಅಣ್ಣನ ಹಾಗಿಲ್ಲ’ ಎಂಬ ಮಾತನ್ನು ನಂಬಿ ಕೂರಬೇಡಿ. ಹಾಗೆಂದು ಮಗಳಿಗೂ ಅದೇ ಎಂದು ಎದೆ ಒಡೆದುಕೊಳ್ಳಲೂ ಬೇಡಿ, ಬಹುಪಾಲು ಒಡಹುಟ್ಟಿದವರಿಗೆ ಅದು ಬರುವುದಿಲ್ಲ.

ಡಾಕ್ಟರಿಗೆ ಮೊದಲು ಮಗನ ವಿಷಯ ಹೇಳಿ. ನಾಚಿಕೆಪಟ್ಟು ಮುಚ್ಚಿಡುವವರನ್ನು ಎಷ್ಟೋ ಜನ ಕಂಡಿದ್ದೇನೆ. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಥೈರಾಯ್ಡ್, ರಕ್ತಹೀನತೆ ಪರೀಕ್ಷೆಯೂ ಆಗಲಿ. ಅಣ್ಣನ ಮಾತ್ರೆಯನ್ನು ತಂಗಿಗೆ ಕೊಡಬೇಡಿ. ಅದು ವಾಲ್ಪ್ರೊಯೇಟ್ ಎಂಬ ಔಷಧವಾಗಿದ್ದರಂತೂ, ಮುಂದೆ ಬಸುರಿಯಾದಾಗಲೂ ಸೇವಿಸುತ್ತಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಸಾಯುವ ಮಾತಾಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.
– ನಿವೃತ್ತ ನರ್ಸ್, ಶಿವಮೊಗ್ಗ

ಆಸ್ಪತ್ರೆ ದೂರವಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ನಾನೂ ನಿಮ್ಮ ಮಗನಂತೆ ಕಾಯಿಲೆ ಅನುಭವಿಸಿದವನು. ತಂಗಿಯ ಪಕ್ಕ ಅವನನ್ನು ಕೂರಿಸಿ. ನನ್ನ ತಂಗಿ ಅಮ್ಮನಿಗೆ ಹೇಳದ್ದನ್ನು ನನಗೆ ಹೇಳಿದ್ದಳು.
– ಓದುಗ, ಹಾವೇರಿ