ಫ್ರೀಜರ್ ಸೆನ್ಸರ್ ಹೊರಗೆ ಸರಿ, ಒಳಗೆ ತಪ್ಪು ತೋರಿಸುತ್ತಿದೆ

ಪ್ರಶ್ನೆ: ಫ್ರೀಜರ್ ಡಿಸ್‌ಪ್ಲೇಯಲ್ಲಿ ಮೈನಸ್ 13 ಬರ್ತಿದೆ. ಬೇರೆ ಥರ್ಮಾಮೀಟರ್ ಇಟ್ಟರೆ ಮೈನಸ್ 20. ಕಂಪ್ರೆಸರ್ ನಿಲ್ಲೋದೇ ಇಲ್ಲ. ಸೆನ್ಸರ್ 25 ಡಿಗ್ರಿಗೆ 10 ಕಿಲೋ ಓಮ್‌ನದು. ಹೊರಗೆ ತೆಗೆದು ಮಲ್ಟಿಮೀಟರ್‌ನಲ್ಲಿ ನೋಡಿದರೆ 9.5 ಸಿಕ್ಕಿತು. ಹಾಗಾದರೆ ಕಂಟ್ರೋಲ್ ಬೋರ್ಡ್ ಹೋಗಿದೆ ಅಂತ ತಾನೇ ಸರ್?

ಉತ್ತರ: ಬೋರ್ಡ್‌ಗೆ ಈಗಲೇ ಕೈ ಹಾಕಬೇಡಿ. ಇದು ಎನ್‌ಟಿಸಿ ಥರ್ಮಿಸ್ಟರ್, ಅಂದರೆ ತಣ್ಣಗಾದಷ್ಟೂ ಇದರ ರೆಸಿಸ್ಟೆನ್ಸ್ ಏರುತ್ತೆ. ಮೈನಸ್ 20ರಲ್ಲಿ ಸುಮಾರು 100 ಕಿಲೋ ಓಮ್ ಇರಬೇಕು. ಸೆನ್ಸರ್ ತಲೆಯ ಎಪಾಕ್ಸಿ ಹೊದಿಕೆ ಬಿರುಕು ಬಿಟ್ಟು ತೇವ ಒಳಗೆ ಹೋಗಿ, ಎರಡು ವೈರ್ ನಡುವೆ 200 ಕಿಲೋ ಓಮ್‌ನಷ್ಟು ಲೀಕೇಜ್ (ಕರೆಂಟ್ ಸೋರುವ ದಾರಿ) ಆಯಿತು ಅಂದುಕೊಳ್ಳಿ. ಆಗ 100ರ ಬದಲು 67 ಸಿಗುತ್ತೆ, ಬೋರ್ಡ್ ಅದನ್ನು ಮೈನಸ್ 13 ಅಂತ ಓದುತ್ತೆ. ಅದೇ ಲೀಕೇಜ್ 25 ಡಿಗ್ರಿಯಲ್ಲಿ 10ನ್ನು 9.5ಕ್ಕಷ್ಟೇ ಇಳಿಸುತ್ತೆ. ನಿಮ್ಮ ಎರಡೂ ಅಂಕಿಗಳು ಇದಕ್ಕೆ ಹೊಂದುತ್ತವೆ. ರೂಮಿನ ಬಿಸಿಯಲ್ಲಿ ಪಾಸಾದ ಸೆನ್ಸರನ್ನು ಅದಕ್ಕೇ ನಂಬಬಾರದು.

ಖಚಿತಪಡಿಸಿಕೊಳ್ಳೋಕೆ, ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸೇರಿಸಿ. ಸೆನ್ಸರ್ ತಲೆ ಮುಳುಗಿಸಿ, ಆಗಾಗ ಕಲಕುತ್ತಾ 10 ನಿಮಿಷ ಬಿಡಿ. 32–33 ಕಿಲೋ ಓಮ್ ಬರಬೇಕು. 28ರ ಹತ್ತಿರ ನಿಂತರೆ ಸೆನ್ಸರ್ ಬದಲಿಸಿ. ಈ ಪರೀಕ್ಷೆಗೆ ಮೊದಲು ಸೆನ್ಸರ್‌ಗೆ ಹೇರ್ ಡ್ರೈಯರ್ ಹಿಡಿಯಬೇಡಿ, ಒಣಗಿದರೆ ದೋಷ ಸ್ವಲ್ಪ ಹೊತ್ತು ಅಡಗಿ ಕೂರುತ್ತೆ. ಮಲ್ಟಿಮೀಟರ್ ಪ್ರೋಬ್‌ನ ಎರಡೂ ತುದಿಯನ್ನು ಬರಿಗೈಯಲ್ಲಿ ಒತ್ತಿ ಹಿಡಿದರೆ ಮೈಯ ರೆಸಿಸ್ಟೆನ್ಸ್ ಸೇರಿ ರೀಡಿಂಗ್ ಕಮ್ಮಿ ಬರುತ್ತೆ. ಕ್ರೊಕೊಡೈಲ್ ಕ್ಲಿಪ್ ಬಳಸಿ.

ಪ್ರಶ್ನೆ: ಐಸ್‌ನಲ್ಲೂ 33 ಬಂದರೆ?

ಉತ್ತರ: ಆಗ ವೈರ್ ಮತ್ತು ಬೋರ್ಡ್ ನೋಡಬೇಕು. ಫ್ರೀಜರ್‌ನ ಕರೆಂಟ್ ಪ್ಲಗ್ ಕಿತ್ತು, ಬೋರ್ಡ್‌ನ ಕನೆಕ್ಟರ್‌ನಲ್ಲಿ ಸೆನ್ಸರ್ ಜಾಗಕ್ಕೆ 33 ಕಿಲೋ ಓಮ್‌ನ ಸಾದಾ ರೆಸಿಸ್ಟರ್ ಹಾಕಿ. ಕವರ್ ಮುಚ್ಚಿ ಆಮೇಲೆ ಕರೆಂಟ್ ಕೊಡಿ. ಡಿಸ್‌ಪ್ಲೇ ಸೊನ್ನೆಯ ಆಸುಪಾಸು ತೋರಿಸಿದರೆ ಬೋರ್ಡ್ ಸರಿಯಾಗಿದೆ, ತೊಂದರೆ ವೈರಿಂಗ್‌ನಲ್ಲಿದೆ. ಕರೆಂಟ್ ಇರುವಾಗ ಸೆನ್ಸರ್ ವೈರನ್ನೂ ಮುಟ್ಟಬೇಡಿ, ಎಷ್ಟೋ ಬೋರ್ಡ್‌ಗಳಲ್ಲಿ ಅದು ನೇರ ಮೇನ್ಸ್‌ಗೆ ಸೇರಿರುತ್ತೆ.

ಇನ್ನೊಬ್ಬರ ಉತ್ತರ: ಹೊಸದು ತರುವಾಗ 10 ಕೆ ಅಂತ ಕೇಳಿದರೆ ಸಾಲದು, ಬೀಟಾ ಮೌಲ್ಯವೂ (ತಾಪ ಬದಲಾದಂತೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತೆ ಅನ್ನೋ ಅಂಕಿ) ಹೊಂದಬೇಕು. ಇಲ್ಲದಿದ್ದರೆ 25 ಡಿಗ್ರಿಯಲ್ಲಿ ಸರಿ ಇದ್ದು ಮೈನಸ್‌ನಲ್ಲಿ ಮತ್ತೆ ತಪ್ಪುತ್ತೆ. ಆದಷ್ಟು ಅದೇ ಮಾಡೆಲ್‌ನ ಪಾರ್ಟ್ ಹಾಕಿ. ವೈರ್ ಜಾಯಿಂಟ್ ಮಾಡಲೇಬೇಕಾದರೆ ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸದೆ ಹಿಂದೆ ಮುಂದೆ ಮಾಡಿ, ಬೆಸುಗೆ ಹಾಕಿ, ಒಳಗಡೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ತೇವ ಅಲ್ಲಿಂದಲೇ ನುಗ್ಗಿ ಇದೇ ಲೀಕೇಜ್ ಶುರುವಾಗುತ್ತೆ. ಸೆನ್ಸರನ್ನು ಹಳೆಯ ಕ್ಲಿಪ್‌ಗೇ ಕೂರಿಸಿ, ಕೂಲಿಂಗ್ ಕಾಯಿಲ್‌ಗೆ ತಾಗಿಸಬೇಡಿ. ಕಾಯಿಲ್ ಮೇಲೆ ಕೂತಿರೋದು ಡಿಫ್ರಾಸ್ಟ್ (ಐಸ್ ಕರಗಿಸುವ) ಸೆನ್ಸರ್, ಅದು ಬೇರೆ. ಹಾಕಿದ ಮೇಲೆ 24 ಗಂಟೆ ಬಿಟ್ಟು, ಸಾಮಾನಿನ ನಡುವೆ ಥರ್ಮಾಮೀಟರ್ ಇಟ್ಟು ಡಿಸ್‌ಪ್ಲೇ ಜೊತೆ ಹೋಲಿಸಿ.