ಹಾಲಿನ ಡೈರಿ ಮೇಲೆ ದೂರು ಕೊಟ್ಟೆ, ಸ್ಯಾಂಪಲ್ ಯಾಕೆ ತೆಗೆಯಲಿಲ್ಲ?

ಪ್ರಶ್ನೆ

ನಮ್ಮ ಬೀದಿಯಲ್ಲಿ ಬಿಡಿ ಹಾಲು, ಮೊಸರು, ಪನೀರ್ ಮಾರುವ ಡೈರಿ ಇದೆ. ಇತ್ತೀಚೆಗೆ ಹಾಲು ಕಾಯಿಸಿದರೆ ಕೆನೆಯೇ ಕಟ್ಟುವುದಿಲ್ಲ, ಕುಡಿದರೆ ಸೋಪಿನ ಥರ ಏನೋ ರುಚಿ. ಮನೆಯಲ್ಲಿ ಚಿಕ್ಕ ಮಗು ಇದೆ, ಅದಕ್ಕೇ ಭಯ. ಪುರಸಭೆಗೆ ದೂರು ಕೊಟ್ಟೆ. ಹೆಲ್ತ್ ಇನ್ಸ್‌ಪೆಕ್ಟರ್ ಬಂದು ನೆಲ ನೋಡಿದರು, ಚರಂಡಿ ನೋಡಿದರು, ಪ್ಲಾಸ್ಟಿಕ್ ಕವರ್ ಇಟ್ಟಿದ್ದಕ್ಕೆ ದಂಡ ಹಾಕಿ ಹೋದರು. ಹಾಲನ್ನು ಮುಟ್ಟಲೇ ಇಲ್ಲ! ಹಾಲು ಪರೀಕ್ಷೆ ಮಾಡಿಸುವುದು ಯಾರ ಕೆಲಸ? ನಾನೇ ಒಂದು ಬಾಟಲಿ ಲ್ಯಾಬ್‌ಗೆ ಕೊಡಬಹುದಾ?

ಉತ್ತರ 1

ನೀವು ಹೋದ ಕಚೇರಿಯೇ ಬೇರೆ. ಪುರಸಭೆಯವರು ನೋಡುವುದು ಟ್ರೇಡ್ ಲೈಸೆನ್ಸ್, ಕಸ, ಚೊಕ್ಕಟತನ. ಹಾಲಿನ ಸ್ಯಾಂಪಲ್ ತೆಗೆಯುವ ಅಧಿಕಾರ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಗೆ ಇದೆ, ಅವರ ಮೇಲೆ ಜಿಲ್ಲೆಯಲ್ಲಿ ಅಂಕಿತ ಅಧಿಕಾರಿ ಇರುತ್ತಾರೆ. ಅಲ್ಲಿಗೆ ಬರೆದು ಕೊಡಿ. ಅಂಗಡಿಯಲ್ಲಿ ಕಾಣುವ ಹಾಗೆ ಹಾಕಿರಬೇಕಾದ, ಇದೇ ಕಾಯ್ದೆಯ ಲೈಸೆನ್ಸ್ ಅಥವಾ ನೋಂದಣಿಯ 14 ಅಂಕಿಯ ನಂಬರ್ ದೂರಿನಲ್ಲಿ ಸೇರಿಸಿ. ನಂಬರೇ ಇಲ್ಲ ಅಂದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.

ಉತ್ತರ 2

ಬಾಟಲಿ ವಿಷಯಕ್ಕೆ ಬರುತ್ತೇನೆ. ಕೊಳ್ಳುವವರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಕಾಯ್ದೆಯ 40ನೇ ಸೆಕ್ಷನ್‌ನಲ್ಲಿದೆ. ಆದರೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಮನೆಗೆ ತಂದ ಮೇಲೆ ಕೊಟ್ಟ ಹಾಲು ಕೇಸಿಗೆ ನಿಲ್ಲುವುದು ಕಷ್ಟ, ನೀವೇ ನೀರು ಬೆರೆಸಿದ್ದೀರಿ ಅನ್ನುತ್ತಾರೆ. ಅಧಿಕಾರಿ ತೆಗೆದರೆ ಅದೇ ಹಾಲನ್ನು ನಾಲ್ಕು ಭಾಗ ಮಾಡಿ, ಕೆಡದ ಹಾಗೆ ಫಾರ್ಮಲಿನ್ ಹಾಕಿ, ಸೀಲ್ ಮಾಡುತ್ತಾರೆ. ಒಂದು ಭಾಗ ಲ್ಯಾಬ್‌ಗೆ, ಉಳಿದವು ಮುಂದೆ ತಕರಾರು ಬಂದರೆ ಬೇಕಾಗುತ್ತವೆ. ಲ್ಯಾಬ್ ವರದಿಗೆ 14 ದಿನ ಗಡುವು. ವರದಿ ಒಪ್ಪದಿದ್ದರೆ ಅಂಗಡಿಯವರು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಗಾಗಿ ನಾಳೆಯೇ ಅಂಗಡಿ ಮುಚ್ಚಿಸುತ್ತಾರೆ ಅಂತ ಕಾಯಬೇಡಿ.

ಉತ್ತರ 3

ನಾನೂ ಡೈರಿ ನಡೆಸುವವನು. ಹತ್ತಾರು ಮನೆಯ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ, ಎಲ್ಲಿ ಏನು ಬೆರೆಯಿತು ಅಂತ ಅಂಗಡಿಗೆ ಬಂದ ಮೇಲೆ ಗೊತ್ತಾಗುವುದಿಲ್ಲ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದರೆ ಆಗಲ್ಲ, ನೀರಿನ ಜೊತೆ ಸಕ್ಕರೆಯನ್ನೋ ಉಪ್ಪನ್ನೋ ಹಾಕಿದರೆ ಅದು ಸರಿಯಾಗೇ ತೋರಿಸಿಬಿಡುತ್ತದೆ. ಹಸುವಿನ ಹಾಲಿಗೆ ಕನಿಷ್ಠ ಶೇ. 3.2 ಫ್ಯಾಟ್, ಶೇ. 8.3 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇರಬೇಕು. ಕಡಿಮೆ ಬಂದರೆ ನೋಟಿಸ್ ಬರುವುದು ಮಾರಿದವನಿಗೆ. ಅದಕ್ಕೇ ನಾನು ಹಾಲು ಹಾಕುವವರಿಂದ ಚೀಟಿ ಬರೆಸಿಕೊಳ್ಳುತ್ತೇನೆ. ಇನ್ನೊಂದು, ಪೂರ್ತಿ ಹಾಲನ್ನು ಸಹಕಾರ ಸಂಘಕ್ಕೆ ಹಾಕುವ ಸದಸ್ಯ ರೈತರಿಗೆ ಮಾತ್ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಬೇಡ. ಅಂಗಡಿ ಇಟ್ಟವರಿಗೆ ಬೇಕೇ ಬೇಕು. ಅದು ಗೊತ್ತಿಲ್ಲದ ಅಂಗಡಿಯವರೂ ಇದ್ದಾರೆ, ಬೇಜಾರಿನ ಸಂಗತಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಸೋಪಿನ ಅನುಮಾನಕ್ಕೆ ಮನೆಯಲ್ಲೇ ಏನಾದರೂ ನೋಡಬಹುದಾ?

ಉತ್ತರ 2

ಎರಡು ಚಮಚ ಹಾಲಿಗೆ ಅಷ್ಟೇ ನೀರು ಹಾಕಿ ಚೆನ್ನಾಗಿ ಕುಲುಕಿ. ದಟ್ಟ ನೊರೆ ಬಂದು ನಿಂತರೆ ಡಿಟರ್ಜೆಂಟ್ ಇರಬಹುದು. ಇದು ನಿಮ್ಮ ಸಮಾಧಾನಕ್ಕೆ ಅಷ್ಟೇ, ಪುರಾವೆ ಆಗಲ್ಲ. ವರದಿ ಬರುವವರೆಗೆ ಮಗುವಿಗೆ ಬೇರೆ ಕಡೆಯ ಹಾಲು ತನ್ನಿ. ಡೈರಿಗೆ ಕ್ಯಾನ್ ಬಂದಿಳಿಯುವ ಸಮಯವನ್ನೂ ದೂರಿನಲ್ಲಿ ಬರೆಯಿರಿ, ಅಧಿಕಾರಿ ಮಧ್ಯಾಹ್ನ ಬಂದರೆ ಸ್ಯಾಂಪಲ್‌ಗೆ ಹಾಲೇ ಉಳಿದಿರುವುದಿಲ್ಲ.