ಗಾಲ್ಫ್‌ನ ಏರು ಡಾಗ್‌ಲೆಗ್ (ನಡುವೆ ತಿರುಗುವ) ಹೋಲ್: ಮೂಲೆ ಕತ್ತರಿಸಬೇಕಾ, ಸುತ್ತಿ ಹೋಗಬೇಕಾ?

ಪ್ರಶ್ನೆ: ಸರ್, ನಾವು ಆಡುವ ಕೋರ್ಸ್‌ನಲ್ಲಿ 370 ಗಜದ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಇದೆ. 200 ಗಜದ ಹತ್ತಿರ ಬಲಕ್ಕೆ ತಿರುಗುತ್ತದೆ, ಒಳಮೂಲೆಯಲ್ಲಿ ಮರಗಳು, ಟೀಯಿಂದ (ಮೊದಲ ಹೊಡೆತದ ಜಾಗ) ಗ್ರೀನ್ (ಗುಳಿ ಇರುವ ನುಣುಪು ಹುಲ್ಲು) ತನಕ ಏರು. ಗ್ರೀನ್ ಮುಂದೆ ಎರಡು ಬಂಕರ್ (ಮರಳಿನ ಗುಂಡಿ). ನನ್ನ ಹ್ಯಾಂಡಿಕ್ಯಾಪ್ (ಒಂದು ಸುತ್ತಿನಲ್ಲಿ ಸಿಗುವ ರಿಯಾಯಿತಿ ಹೊಡೆತ) 18. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಕ್ಯಾರಿ, ಅಂದರೆ ಚೆಂಡು ಗಾಳಿಯಲ್ಲಿ ಹೋಗುವ ದೂರ, 200 ಗಜ, ಚೆಂಡು ಸ್ವಲ್ಪ ಬಲಕ್ಕೆ ಹೋಗುತ್ತದೆ. ಮರಗಳ ಮೇಲಿಂದ ಹೊಡೆದರೆ ಹತ್ತಿರ ಆಗಲ್ವಾ? ಪ್ರತಿ ಸಲ 6, 7 ಹೊಡೆತ ಆಗುತ್ತಿದೆ.

ಉತ್ತರ: ಮೂಲೆ ಕತ್ತರಿಸುವ ಯೋಚನೆ ಬಿಟ್ಟುಬಿಡಿ. ಏರು ಹೋಲ್‌ನಲ್ಲಿ ಚೆಂಡು ನೆಲಕ್ಕೆ ಬೇಗ ತಾಗುತ್ತದೆ. ಮೂರು ಅಡಿ ಏರಿಗೆ ಸುಮಾರು ಒಂದು ಗಜ ಕಳೆಯಿರಿ. ತಿರುವಿನ ಜಾಗ ಟೀಗಿಂತ 25 ಅಡಿ ಮೇಲಿದ್ದರೆ ನಿಮ್ಮ 200 ಗಜ 192ರ ಹತ್ತಿರ ಆಗುತ್ತದೆ. ಜೊತೆಗೆ ಮರದ ಬುಡವೂ ಮೇಲಿದೆ, ತುದಿ ಇನ್ನೂ ಮೇಲೆ. ಚೆನ್ನಾಗಿ ಹೊಡೆದ ಚೆಂಡೂ ಮರಕ್ಕೆ ಸಿಕ್ಕಿಕೊಳ್ಳುತ್ತದೆ.

ನೀವು ಟೀ ಬಾಕ್ಸ್‌ನ ಬಲಬದಿಯಲ್ಲಿ ಚೆಂಡು ಇಡಿ. ಎರಡು ಮಾರ್ಕರ್‌ಗಳ ನಡುವೆ, ಅವುಗಳಿಂದ ಎರಡು ಕ್ಲಬ್ ಉದ್ದದಷ್ಟು ಹಿಂದಿನ ತನಕ ಎಲ್ಲಿ ಬೇಕಾದರೂ ಇಡಬಹುದು. ನಿಮ್ಮ ಕಾಲು ಆಚೆ ಇದ್ದರೂ ಪರವಾಗಿಲ್ಲ, ಚೆಂಡು ಒಳಗಿರಬೇಕು ಅಷ್ಟೇ. ಅಲ್ಲಿಂದ ಫೇರ್‌ವೇಯ (ಹುಲ್ಲು ಕತ್ತರಿಸಿದ ಹಾದಿ) ಎಡ ಅಂಚಿಗೆ ಗುರಿ ಇಡಿ. ಬಲಕ್ಕೆ ತಿರುಗುವ ನಿಮ್ಮ ಚೆಂಡು ಈ ಹೋಲ್‌ಗೆ ಹೇಳಿ ಮಾಡಿಸಿದ್ದು. ಅದನ್ನು ನೇರ ಮಾಡಲು ಹೋಗಬೇಡಿ. ತಿರುವಿನ ಹೊರಬದಿಯಲ್ಲಿ, ಅಂದರೆ ಎಡಕ್ಕೆ ಬಿದ್ದರೆ ಗ್ರೀನ್ ಕಾಣುತ್ತದೆ. ಒಳಬದಿಯಲ್ಲಿ ಬಿದ್ದರೆ ದೂರ ಕಡಿಮೆ, ಆದರೆ ಮರ ಅಡ್ಡ.

ಪ್ರಶ್ನೆ: ಎಡಕ್ಕೆ ಬಿದ್ದಾಗ ಇನ್ನೂ 170 ಗಜ ಉಳಿಯುತ್ತೆ ಸರ್. ನನ್ನ ಹೈಬ್ರಿಡ್ ಕ್ಲಬ್ ಸರಿಯಾಗಿ ಅಷ್ಟೇ ಹೋಗೋದು.

ಉತ್ತರ: ಗ್ರೀನ್ 40 ಅಡಿ ಮೇಲಿದ್ದರೆ ಅದು 183 ಗಜದ ಹೊಡೆತ. ಹೈಬ್ರಿಡ್‌ನಿಂದ ಮುಂದಿನ ಬಂಕರ್ ಗ್ಯಾರಂಟಿ! ಹಾಗಾಗಿ ಎರಡನೇ ಹೊಡೆತವನ್ನು 100 ಗಜದಷ್ಟು ಹೊಡೆದು, ಗ್ರೀನ್‌ಗೆ ಮುಂಚೆ 70 ಗಜದ ಸುಮಾರಿಗೆ ನಿಲ್ಲಿಸಿ. ಅಲ್ಲಿ ಕಾಲು ಸಮ ನಿಲ್ಲುವ ಜಾಗ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹ್ಯಾಂಡಿಕ್ಯಾಪ್ 18 ಅಂದರೆ ಪ್ರತಿ ಹೋಲ್‌ನಲ್ಲೂ ಒಂದು ಸ್ಟ್ರೋಕ್ ಸಿಗುತ್ತದೆ, ಅದನ್ನು ಕಳೆದರೆ ಇಲ್ಲಿ 5 ನಿಮಗೆ ನೆಟ್ ಪಾರ್. 7ಕ್ಕಿಂತ ಎಷ್ಟೋ ವಾಸಿ ಅಲ್ವಾ?

ಏರಿನಲ್ಲೇ ನಿಂತು ಹೊಡೆಯಬೇಕಾದರೆ ಭುಜ ಇಳಿಜಾರಿಗೆ ಸಮಾನಾಂತರವಾಗಿರಲಿ. ಭಾರ ಕೆಳಗಿನ ಕಾಲಿನ ಮೇಲೆ ಬರುತ್ತದೆ. ಆ ಪಾದದ ಒಳ ಅಂಚು ನೆಲಕ್ಕೆ ಒತ್ತಿರುವುದು ನಿಮಗೇ ಗೊತ್ತಾಗಬೇಕು, ಹೊರಕ್ಕೆ ವಾಲಿದರೆ ಸ್ವಿಂಗ್ ಕೆಟ್ಟಿತು. ಚೆಂಡು ಮುಂದಿನ ಕಾಲಿಗೆ ಸ್ವಲ್ಪ ಹತ್ತಿರ ಇರಲಿ. ಚೆಂಡು ಎತ್ತರಕ್ಕೆ ಹೋಗುವುದರಿಂದ ಒಂದು ಕ್ಲಬ್ ಜಾಸ್ತಿ (ಇನ್ನೂ ದೂರ ಹೋಗುವ ಕ್ಲಬ್) ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ. ಬಲಗೈ ಆಟಗಾರರಿಗೆ ಈ ಜಾಗದಿಂದ ಚೆಂಡು ಎಡಕ್ಕೆ ಎಳೆಯುತ್ತದೆ, ಗುರಿ ಸ್ವಲ್ಪ ಬಲಕ್ಕೆ ಇರಲಿ. ಏರು ನೋಡಿ ಚೆಂಡನ್ನು ಎತ್ತಲು ಹೋಗುವವರೇ ಜಾಸ್ತಿ. ಎತ್ತುವ ಕೆಲಸ ಕ್ಲಬ್‌ನ ಲಾಫ್ಟ್ (ಮುಖದ ಓರೆ) ಮಾಡುತ್ತದೆ.

ಇನ್ನೊಬ್ಬ ಸದಸ್ಯರು: ನಾನು 140 ಗಜದಿಂದ ಹೊಡೆದರೂ ಗ್ರೀನ್ ಮುಂದೆಯೇ ಬೀಳುತ್ತೆ. ಯಾಕೆ?

ಉತ್ತರ: ಕೆಳಗಿಂದ ಪಿನ್‌ನ (ಗುಳಿಯಲ್ಲಿ ನಿಲ್ಲಿಸಿದ ಬಾವುಟದ ಕೋಲು) ತುದಿ ಮಾತ್ರ ಕಾಣುತ್ತದೆ, ಬುಡ ಕಾಣುವುದಿಲ್ಲ. ಹಾಗಾಗಿ ಕಣ್ಣಿಗೆ ಅದು ಹತ್ತಿರ ಇದ್ದಂತೆ ಅನಿಸುತ್ತದೆ. ದೂರವನ್ನು ಗ್ರೀನ್ ಮಧ್ಯಕ್ಕೆ ಅಳೆಯಿರಿ, ಏರನ್ನು ಕೂಡಿಸಿ, ಆಮೇಲೆ ಕ್ಲಬ್ ತೆಗೆಯಿರಿ. ಎತ್ತರದ ಗ್ರೀನ್ ಮೇಲೆ ಚೆಂಡು ಅಷ್ಟು ಕಡಿದಾಗಿ ಇಳಿಯುವುದಿಲ್ಲ, ಬಿದ್ದ ಮೇಲೆ ಸ್ವಲ್ಪ ಓಡುತ್ತದೆ. ಪಿನ್ ಮುಂದಿದ್ದರೂ ಮಧ್ಯಕ್ಕೇ ಆಡಿ. ದೂರ ಅಳೆಯುವ ರೇಂಜ್‌ಫೈಂಡರ್‌ನಲ್ಲಿ ಸ್ಲೋಪ್ (ಏರಿಳಿತ ಲೆಕ್ಕ ಹಾಕುವ ಸೌಲಭ್ಯ) ಇದ್ದರೆ ಅಭ್ಯಾಸದಲ್ಲಿ ಬಳಸಿ ಕಲಿಯಿರಿ, ಸ್ಪರ್ಧೆಯಲ್ಲಿ ಅದನ್ನು ಆಫ್ ಮಾಡಿಡಿ.

ಪ್ರಶ್ನೆ: ಇಷ್ಟಾದ ಮೇಲೂ ಚೆಂಡು ಮರದೊಳಗೆ ಹೋದರೆ?

ಉತ್ತರ: ಸಿಗುತ್ತೋ ಇಲ್ಲವೋ ಅನುಮಾನ ಇದ್ದರೆ ಟೀ ಬಿಡುವ ಮುಂಚೆ ಪ್ರೊವಿಷನಲ್ ಬಾಲ್ (ಮೊದಲನೆಯದು ಸಿಗದಿದ್ದರೆ ಆಡುವ ಚೆಂಡು) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು 3 ನಿಮಿಷ ಮಾತ್ರ. ಸಿಕ್ಕರೆ ಕೊಂಬೆಗಳ ಸಂದಿಯಲ್ಲಿ ಗ್ರೀನ್ ಹುಡುಕಬೇಡಿ. ಅಗಲವಾದ ಸಂದಿ ನೋಡಿ, ಅದು ಹಿಂದಕ್ಕಿದ್ದರೂ ಸರಿ, ಫೇರ್‌ವೇಗೆ ಚಿಪ್ ಮಾಡಿ (ಮೆಲ್ಲಗೆ ಹೊಡೆದು ಹೊರತನ್ನಿ).